ಮಂಜುಗಡ್ಡೆಯ ಸರದಿ

ನಮ್ಮ ಊರಿಗೆ ಚಳಿಗಾಲದಲ್ಲಿ ಇರುವುದು ಒಂದೇ ಮಂಜುಗಡ್ಡೆ. ಬೇರೆ ಊರುಗಳಲ್ಲಿ ಎಷ್ಟಿರುತ್ತವೋ ನಾನು ಕಂಡಿಲ್ಲ. ನಮ್ಮದು ದೀಪಾವಳಿ ಕಳೆದು ಚಳಿ ಬಿದ್ದ ಕೂಡಲೇ ನೀರಿನ ಕೊಳವೆಗೆ ಇಳಿಯುತ್ತದೆ, ಶಿವರಾತ್ರಿಯ ಆಸುಪಾಸು ಹೋಗಿಬಿಡುತ್ತದೆ. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ಕೆಡಿಸಿಕೊಂಡವಳು ನಾನೊಬ್ಬಳೇ. ಸಣ್ಣವಳಿದ್ದಾಗ ಕೊಳವೆಗೆ ಕಿವಿ ಹಚ್ಚಿ ಕೂತು ನಮ್ಮವ್ವನ ಕೈಯಿಂದ ಬೆನ್ನಿಗೆ ಗುದ್ದು ತಿಂದಿದ್ದೇನೆ. ಅಜ್ಜಿಯಾಗುವ ವಯಸ್ಸು ಬಂದರೂ ಆ ಚಟ ಬಿಟ್ಟಿರಲಿಲ್ಲ. ಒಳಗೆ ಅದು ಹೇಗಿದೆ, ಬೆಳ್ಳಗಿದೆಯೋ ಕಪ್ಪಗಿದೆಯೋ, ಉದ್ದವೋ ಗುಂಡಗೋ, ಒಮ್ಮೆ ನೋಡಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಊರಿನಲ್ಲಿ ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಅದು ದಿನಕ್ಕೊಂದು ಮನೆಯ ಕೊಳವೆಯಲ್ಲಿ ಕೂರುತ್ತದೆ. ಯಾರ ಮನೆಯ ನಲ್ಲಿ ಬಿಗಿಯಾಗಿ ಮುಚ್ಚಿದೆಯೋ ಅಲ್ಲಿ. ನಲ್ಲಿಯನ್ನು ನೂಲಿನಷ್ಟು ಸಣ್ಣಗೆ ಬಿಟ್ಟಿಟ್ಟರೆ ಆ ಮನೆಯ ಗೊಡವೆಗೆ ಬರುವುದಿಲ್ಲ. ಹಾಗೆಂದು ಊರಿನವರೆಲ್ಲ ಬಿಟ್ಟಿಟ್ಟುಕೊಂಡು ಮಲಗುವ ಹಾಗಿಲ್ಲ. ಕೂರಲು ಎಲ್ಲೂ ಜಾಗ ಸಿಗದಿದ್ದರೆ ಅದು ಮೇಲೆ ನೀರಿನ ಟಾಕಿಗೇ ಹತ್ತಿ ಕೂತುಬಿಡುತ್ತದೆ. ಆಮೇಲೆ ಊರಿಗೆ ಊರೇ ಹನಿ ನೀರಿಲ್ಲದೆ ಒದ್ದಾಡಬೇಕು. ನಮ್ಮತ್ತೆಯ ಕಾಲದಲ್ಲಿ ಒಮ್ಮೆ ಹಾಗಾಗಿತ್ತಂತೆ. ಅಂದಿನಿಂದ ಊರಿನಲ್ಲಿ ಸರದಿ ಬಂತು. ಸಂಜೆಗೆ ಒಂದು ಮನೆ ನಲ್ಲಿ ಮುಚ್ಚಬೇಕು, ಉಳಿದವರು ನೂಲಿನಷ್ಟು ಬಿಡಬೇಕು. ಮರುದಿನ ಬೆಳಿಗ್ಗೆ ಆ ಮನೆಗೆ ಊರಿನವರು ಮನೆಗೊಂದು ಕೊಡದಂತೆ ನೀರು ಹೊತ್ತು ತಂದು ಹಾಕುತ್ತಾರೆ. ಹೊತ್ತು ಇಳಿಯುವಾಗ ಮನೆಯವರು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೊಳವೆಗೆ ಸುತ್ತಿ ಸುತ್ತಿ ಗಡ್ಡೆಯನ್ನು ಬೀಳ್ಕೊಡಬೇಕು. ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು. ನಡುವೆ ಕೈ ಹಾಕಿದರೆ ಕರಗಿದ ನೀರಿಗೆ ದಾರಿ ಸಿಗದೆ ಕೊಳವೆ ಸೀಳುತ್ತದೆ. ಬೆಂಕಿಯನ್ನಂತೂ ಹತ್ತಿರ ತರಬಾರದು. ಹೊಸದಾಗಿ ಬಂದ ಸೊಸೆಗೆ ನಮ್ಮಲ್ಲಿ ಒಲೆ ತೋರಿಸುವ ಮೊದಲು ಇದನ್ನು ಕಲಿಸುತ್ತಾರೆ.

ಸರದಿ ಕೂಗುವವನು ನೀರಗಂಟಿ ಅಡಿವೆಪ್ಪ. ಟಾಕಿಯ ಬೀಗ, ಬೀದಿಯ ವಾಲ್ವು, ಎಲ್ಲ ಅವನ ಸುಪರ್ದಿ. ವಾಲ್ವು ತಿರುಗಿಸುವ ಉದ್ದನೆಯ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡೇ ಓಡಾಡುತ್ತಾನೆ, ಮದುವೆಗೆ ಹೋದರೂ. ಸಂಜೆ ಕಟ್ಟೆಯ ಮೇಲೆ ನಿಂತು ಜಾಗಟೆ ಬಾರಿಸಿ ಇಂದು ಯಾರ ಮನೆ ಎಂದು ಕೂಗುತ್ತಾನೆ. ಮದುವೆ, ಸಾವು, ಕಾಯಿಲೆ ಏನಾದರೂ ಇದ್ದರೆ ಜಾಗಟೆ ಬೀಳುವ ಮೊದಲು ಕಟ್ಟೆಗೆ ಹೋಗಿ ಬಾಯಿಬಿಟ್ಟು ಕೇಳಬೇಕು; ಯಾರಾದರೂ ಒಪ್ಪಿ ಸರದಿ ಬದಲಿಸಿಕೊಳ್ಳುತ್ತಾರೆ. ಕೇಳದವರಿಗೆ ತಾವಾಗಿ ಮುಂದೆ ಬಂದು ಕೊಡುವ ರೂಢಿ ನಮ್ಮಲ್ಲಿಲ್ಲ. ಕೊಟ್ಟರೆ ಆ ಮನೆಯವರನ್ನು ಕೈಲಾಗದವರು ಅಂದಹಾಗೆ. ನಾನು ಈ ಮನೆಗೆ ಬಂದಾಗಿನಿಂದ, ಗಂಡ ತೀರಿಹೋದ ವರ್ಷವೂ ಸೇರಿ, ಒಮ್ಮೆಯೂ ಕೇಳಿರಲಿಲ್ಲ.

ಅಡಿವೆಪ್ಪನಿಗೂ ನನಗೂ ಮಾತಿರಲಿಲ್ಲ. ಅದಕ್ಕೆ ಕಾರಣ ಕೌದಿ. ನಾನು ಕೊಳವೆಗಳಿಗೆ ಕೌದಿ ಹೊಲಿಯುತ್ತೇನೆ. ಹಳೆಯ ಸೀರೆ, ಧೋತರ, ಗೋಣಿತಟ್ಟು ಪದರ ಪದರವಾಗಿ ಇಟ್ಟು, ಒತ್ತೊತ್ತಾಗಿ ಟಾಕು ಹಾಕಿ, ಕಟ್ಟಲು ಕಸೆ ಬಿಟ್ಟು ಹೊಲಿದರೆ ಕೊಳವೆ ಅಂಗಿ ತೊಟ್ಟ ಹಾಗೆ ಕಾಣುತ್ತದೆ. ಒಂದು ಸಂಜೆ ಅಡಿವೆಪ್ಪ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು, "ಕೌದಿ ಒಳಗ ಬೆಚ್ಚಗಿದ್ದವರಿಗೆ ಹೊದಸೂದು. ತಣ್ಣಗಿದ್ದದ್ದಕ್ಕ ಹೊದಿಸಿದ್ರ ತಣ್ಣಗ ಇಡತೈತಿ. ಕಾಶವ್ವ ಗಡ್ಡಿಗೆ ಹಾಸಿಗಿ ಹಾಸಿ ಕೊಡಾಕ ಹತ್ಯಾಳ" ಅಂದ. ಮಂದಿ ನಕ್ಕರು. ನಾನು ಬಿಡುವವಳೇ? "ಊರಿನ ಕೀಲಿ ಹೊತ್ತುಕೊಂಡು ತಿರಗತಾನ, ಮನಿ ಕೀಲಿ ಮಾತ್ರ ಹೆಂಡ್ತಿ ಇವನ ಕೈಗೆ ಕೊಡೂದಿಲ್ಲ" ಅಂದೆ. ಆಗ ಮಂದಿ ಇನ್ನೂ ಜೋರಾಗಿ ನಕ್ಕರು. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದೆವು, ಒಬ್ಬರು ನೆಲ. ಅವನು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು, ಅದೇ ನನ್ನನ್ನು ಹೆಚ್ಚು ಉರಿಸಿದ್ದು.

ಆ ವರ್ಷ ನನ್ನ ಮಗಳು ಪಾರವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬುವಷ್ಟರಲ್ಲಿ ಚಳಿಯೆಲ್ಲ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿ ನಾನು ನಿಶ್ಚಿಂತೆಯಿಂದ ಇದ್ದೆ. ಕೂಸಿಗೆ ನನ್ನ ಲೆಕ್ಕ ಯಾರು ಹೇಳಬೇಕು? ನಡುಚಳಿಯಲ್ಲಿ, ನಮ್ಮ ಸರದಿಯ ಹಿಂದಿನ ದಿನ, ತಿಂಗಳು ತುಂಬದೆ ಹುಟ್ಟಿಬಿಟ್ಟಿತು. ಹೆಣ್ಣು ಕೂಸು. ಒಂದು ಕೈಯಲ್ಲಿ ಹಿಡಿಸುವಷ್ಟಿತ್ತು. ಅತ್ತರೆ ಬೆಕ್ಕಿನ ಮರಿ ಕೂಗಿದ ಹಾಗೆ ಕೇಳುತ್ತಿತ್ತು. ಸೂಲಗಿತ್ತಿ ಫಕೀರವ್ವ ಕೂಸನ್ನು ಅರಿವೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿ, ಅದರ ಪಾದಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡೇ ಕೂತಳು.

"ಕೂಸಿನ ಕೈಕಾಲು ತಣ್ಣಗ ಅದಾವು, ಕಾಶಕ್ಕ. ಎರಡೂ ಹೊತ್ತು ಬಿಸಿನೀರು ಬೀಳಬೇಕು, ಖೋಲಿ ಬೆಚ್ಚಗ ಇರಬೇಕು. ಇಲ್ಲಂದ್ರ ನಾ ಏನೂ ಹೇಳೂದಿಲ್ಲ" ಅಂದಳು. ಏನೂ ಹೇಳುವುದಿಲ್ಲ ಅಂದದ್ದರಲ್ಲೇ ಎಲ್ಲವನ್ನೂ ಹೇಳಿದ್ದಳು.

ಗಡ್ಡೆ ಕೂತ ಮನೆ ಹೇಗಿರುತ್ತದೆ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಬರೀ ನೀರು ನಿಲ್ಲುವುದಲ್ಲ. ಗೋಡೆ ತಣ್ಣಗಾಗುತ್ತದೆ, ಹಾಸಿಗೆ ತಣ್ಣಗಾಗುತ್ತದೆ, ರುಬ್ಬಿಟ್ಟ ಹಿಟ್ಟು ಉಬ್ಬುವುದಿಲ್ಲ, ಹೆಪ್ಪು ಹಾಕಿದ ಹಾಲು ಮೊಸರಾಗುವುದಿಲ್ಲ, ಒಲೆ ಹಚ್ಚಿದರೂ ಬಿಸಿ ಒಲೆಯ ಬಾಯಿ ದಾಟಿ ಬರುವುದಿಲ್ಲ. ದೊಡ್ಡವರು ಒಂದು ದಿನ ಹೇಗೋ ಹಲ್ಲು ಕಚ್ಚಿ ಕಳೆಯುತ್ತೇವೆ. ನಮ್ಮ ಮನೆಯ ಕೊಳವೆ ಹೋಗುವುದು ಬಾಣಂತಿಯ ಕೋಣೆಯ ಗೋಡೆಯ ಒಳಗಿಂದ. ಪಾರವ್ವನನ್ನು ಬೇರೆ ಮನೆಗೆ ಕರೆದುಕೊಂಡು ಹೋಗೋಣವೆಂದರೆ ಆ ಚಳಿಗಾಳಿಯಲ್ಲಿ ಹಸಿಬಾಣಂತಿಯನ್ನೂ ಆ ಕೂಸನ್ನೂ ಹೊಸ್ತಿಲು ದಾಟಿಸಲು ಫಕೀರವ್ವ ಒಪ್ಪಲಿಲ್ಲ. ಕೂಸು ಉಳಿಯಬೇಕಾದರೆ ಗಡ್ಡೆ ಸರದಿಯ ಸಂಜೆ ನಮ್ಮ ಮನೆಗೆ ಬರಬಾರದು. ಬರಬಾರದು ಅಂದರೆ ನಾನು ಹೋಗಿ ಕೇಳಬೇಕು. ಅದೂ ಅಡಿವೆಪ್ಪನನ್ನು.

ಹೋದೆ. ನಾನು ಕಟ್ಟೆಯ ಹತ್ತಿರ ಬರುತ್ತಿದ್ದಂತೆ ಅಲ್ಲಿದ್ದವರು ಸರಿದು ದಾರಿ ಬಿಟ್ಟರು. ಕೂಸು ಹುಟ್ಟಿದ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಪಕ್ಕದ ಮನೆಯ ದ್ಯಾಮವ್ವ ನನ್ನ ಮುಖ ನೋಡಿದಳು, ಬಳೆಗಾರ ಹುಸೇನಸಾಬ ಬೀಡಿ ಆರಿಸಿ ಎದ್ದು ನಿಂತ. ಕೇಳು, ಕೇಳು ಅನ್ನುವಂತೆಯೇ ಎಲ್ಲರೂ ನಿಂತಿದ್ದರು. ಅಡಿವೆಪ್ಪ ಜಾಗಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ, ಆ ದಿನವೇ ಹೊಸದಾಗಿ ಕಂಡವನ ಹಾಗೆ. ಕೋಲು ಎತ್ತಲು ಅವನು ಮಾಡಿದಷ್ಟು ತಡ ಊರಿನಲ್ಲಿ ಯಾರೂ ಕಂಡಿರಲಿಲ್ಲ. ನಾನು ಬಾಯಿ ತೆರೆದೆ.

"ಚಳಿ ಭಾಳ ಐತಿ" ಅಂದೆ.

"ಹೂಂ" ಅಂದ ಅವನು, ಜಾಗಟೆಗೆ.

ಮುಂದಿನದನ್ನು ಕೇಳಲಿಲ್ಲ, ಸೆರಗು ಸರಿಮಾಡಿಕೊಂಡೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಡಿವೆಪ್ಪ ಇನ್ನೂ ಸ್ವಲ್ಪ ಕಾದ, ಕೆಮ್ಮಿದ, ಕೊನೆಗೆ ಬಾರಿಸಿದ. "ಇವತ್ತ ಕಾಶವ್ವನ ಮನಿ ಸರದಿ" ಎಂದು ಕೂಗಿದ. ಅಷ್ಟು ಸಣ್ಣ ದನಿಯಲ್ಲಿ ಅವನು ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿಗೆ ಕೈ ಹಾಕಿದೆ. ಹಿಂದಿನಿಂದ ಫಕೀರವ್ವ ಬಂದು ಕೈ ಮೇಲೆ ಹೊಡೆದಳು. "ಕೂಸು ಇರೂ ಮನ್ಯಾಗ ನಲ್ಲಿ ಮುಚ್ಚತೀಯೇನ? ಕೇಳಲಿಲ್ಲೇನು?"

"ಆಗಲಿಲ್ಲ."

"ಬಾಯಾಗ ಅಷ್ಟು ಬಿಗುವು ಇಟ್ಟುಕೊಂಡು ಏನು ಮಾಡತೀಯವ್ವ? ನಲ್ಲಿ ಬಿಡು. ಟಾಕಿ ಹತ್ತಿದ್ರ ಹತ್ತಲಿ, ಊರಿಗೆ ಊರ ಒಂದು ವಾರ ಒದ್ದಾಡಲಿ. ನಾ ಹೇಳತೀನಿ ಮಂದಿಗೆ." ಹೀಗೆಂದು ತಾನೇ ನಲ್ಲಿಯನ್ನು ನೂಲಿನಷ್ಟು ಬಿಟ್ಟಳು. ಬೀಳುವ ನೀರು ಹಾಳಾಗಬಾರದೆಂದು ಅದರ ಕೆಳಗೆ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಎಳೆದಿಟ್ಟಳು. ನಾನು ತಡೆಯಲಿಲ್ಲ. ಊರಿನ ಮುಂದೆ ತಪ್ಪಿತಸ್ಥಳಾಗುವುದೂ ಕೂಸೂ ಎರಡನ್ನೂ ತೂಗಿದರೆ ಯಾವುದು ಭಾರ ಎಂದು ಯಾರಾದರೂ ಹೇಳುತ್ತಾರೆ.

ಕತ್ತಲಾಗುತ್ತಿದ್ದಂತೆ ಗೋಡೆಗೆ ಕಿವಿ ಹಚ್ಚಿ ಕೂತೆ. ದಿನಾ ಗಡ್ಡೆ ಮನೆ ಬದಲಿಸುವಾಗ ಒಮ್ಮೆ ಟಕ್ ಎಂದು ಸದ್ದಾಗುತ್ತದೆ, ಅಷ್ಟೇ. ಅಂದು ಹಾಗಾಗಲಿಲ್ಲ. ದೂರದಲ್ಲಿ ಟಕ್ ಅಂದಿತು, ಕುಂಬಾರರ ಓಣಿಯ ಕಡೆ ಇರಬೇಕು. ಆಮೇಲೆ ದ್ಯಾಮವ್ವನ ಗೋಡೆಯಲ್ಲಿ. ಆಮೇಲೆ ಮತ್ತೆ ದೂರ. ಮನೆ ಮನೆಯ ಕದ ತಟ್ಟಿ ಹೋಗುತ್ತಿದೆಯೇನೋ ಅನ್ನಿಸಿತು. ಕೂಸಿನ ಚಿಂತೆ ಒಂದು ಕಡೆ, ಅದು ಏನು ಮಾಡುತ್ತಿದೆ ಎಂಬ ಕುತೂಹಲ ಇನ್ನೊಂದು ಕಡೆ. ಕೂತಲ್ಲೇ ಕಣ್ಣು ಹತ್ತಿತು.

ಬೆಳಗಿನ ಜಾವ ಕಾಲು ಒದ್ದೆಯಾಗಿ ಎಚ್ಚರವಾಯಿತು. ಬಚ್ಚಲು ತುಂಬಿ ನೀರು ಪಡಸಾಲೆಗೆ ಹರಿದು ಬರುತ್ತಿತ್ತು. ಓಡಿದೆ. ನಲ್ಲಿ ಕೊಳವೆಯಿಂದ ಕಿತ್ತು ಹಂಡೆಯೊಳಗೆ ಬಿದ್ದಿತ್ತು, ಕೊಳವೆಯ ಬಾಯಿಂದ ನೀರು ಕಾಲುವೆಯ ಹಾಗೆ ಸುರಿಯುತ್ತಿತ್ತು. ಫಕೀರವ್ವ ಕೊಳವೆಯ ಬಾಯಿಗೆ ನನ್ನದೇ ಕೌದಿ ಒತ್ತಿಹಿಡಿದು ಬೈಯುತ್ತಿದ್ದಳು. ಬೀದಿಯ ವಾಲ್ವು ಮುಚ್ಚದೆ ಬೇರೆ ದಾರಿ ಇರಲಿಲ್ಲ. ಸೀರೆ ಮೇಲೆತ್ತಿ ಕಟ್ಟಿಕೊಂಡು ಹೊರಗೆ ಬಂದರೆ ಅಡಿವೆಪ್ಪ ಆಗಲೇ ವಾಲ್ವಿನ ಗುಂಡಿಯಲ್ಲಿ ಕೀಲಿ ಇಳಿಸಿ ತಿರುಗಿಸುತ್ತಿದ್ದ.

"ಟಾಕ್ಯಾಗಿನ ನೀರು ಇಳಿಯಾಕ ಹತ್ತಿತ್ತು" ಎಂದು ವಾಲ್ವಿಗೆ ಹೇಳಿದ. "ಎಲ್ಲಿಗೆ ಹೊಂಟೈತಿ ಅಂತ ನೋಡಕೋತ ಬಂದೆ. ಎಲ್ಲಾ ನಿಮ್ಮ ಮನಿಗೇ ಹೊಂಟೈತಿ."

"ನಲ್ಲಿ ಕಿತ್ತು ಬಿದ್ದೈತಿ" ಅಂದೆ. "ನಾವು ಮುಚ್ಚಿದ್ದಿಲ್ಲ."

ಅವನು ಆಗ ಮೊದಲ ಸಲ ನನ್ನ ಕಡೆ ನೋಡಿದ. "ನಾ ಮುಚ್ಚಿದ್ದೆ" ಅಂದ. "ನಮ್ಮನ್ಯಾಗ. ನೀವು ಕೇಳೂದಿಲ್ಲ ಅಂತ ಗೊತ್ತಿತ್ತು. ನಮ್ಮಲ್ಲಿಗೆ ಬಂದು ಕುಂದರಲಿ ಅಂತ."

ಅಷ್ಟರಲ್ಲಿ ದ್ಯಾಮವ್ವ ಕದ ತೆಗೆದು ಹೊರಗೆ ಬಂದಳು. ತನ್ನ ನಲ್ಲಿಯಲ್ಲಿ ನೀರು ಬರುತ್ತಿದೆಯಲ್ಲ, ಗಡ್ಡೆ ಬರಲೇ ಇಲ್ಲವಲ್ಲ ಎಂದು ಅವಳಿಗೆ ಗಾಬರಿ. ಅವಳೂ ಮುಚ್ಚಿದ್ದಳು. ಹುಸೇನಸಾಬನೂ ಮುಚ್ಚಿದ್ದ. ಒಬ್ಬೊಬ್ಬರಾಗಿ ಬಂದ ಓಣಿಯವರೆಲ್ಲ, ಕುಂಬಾರರ ಓಣಿಯವರೂ ಸೇರಿ, ಮುಚ್ಚಿದ್ದರು. ಕೇಳದೆ ಕೊಡಬಾರದೆಂಬ ರೂಢಿಯನ್ನು ಎಲ್ಲರೂ ಅಂದು ಗುಟ್ಟಾಗಿ ಮುರಿದಿದ್ದರು, ಮುರಿದವರು ತಾವೊಬ್ಬರೇ ಅಂದುಕೊಂಡು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅಡಿವೆಪ್ಪ ಕೀಲಿಯ ಮೇಲೆ ಗದ್ದ ಊರಿ ಯೋಚಿಸಿ, ಆಗಿದ್ದನ್ನು ಬಿಡಿಸಿ ಹೇಳಿದ. "ಊರಾಗ ಎಲ್ಲಾ ನಲ್ಲಿ ಮುಚ್ಚ್ಯಾವ. ಅದಕ್ಕ ಯಾರ ಮನ್ಯಾಗ ಕುಂದರಬೇಕು ಅನ್ನೂದ ತಿಳಿದಿಲ್ಲ. ನೀರು ಹರಿಯಾಕ ಹತ್ತಿದ್ದು ಇವರ ಮನಿ ಕಡೆ ಒಂದ. ಹರಿಯೂ ನೀರಿನ ಕೂಡ ಇತ್ತಾಗ ಬಂದುಬಿಟ್ಟೈತಿ. ನಾವ ಕೂಡಿ ಕಳಿಸಿಕೊಟ್ಟಂಗ ಆತು."

"ಬಂದೈತಿ ಅಂದ್ರ? ಈಗ ಎಲ್ಲಿ ಐತಿ?" ದ್ಯಾಮವ್ವ ಕೇಳಿದಳು.

ನಾನು ಬಚ್ಚಲಿಗೆ ಓಡಿದೆ. ಹಂಡೆಯೊಳಗೆ ಕೈ ಇಳಿಸಿ ತಡಕಿದೆ. ನಲ್ಲಿ ಸಿಕ್ಕಿತು. ಅದರ ಪಕ್ಕದಲ್ಲಿ ನುಣ್ಣಗೆ ಜಾರುವ ಇನ್ನೊಂದು ಸಿಕ್ಕಿತು. ಹೊರಗೆ ತೆಗೆದೆ.

ಮೂಲಂಗಿಯಷ್ಟಿತ್ತು. ಅದೂ ತೀರ ದೊಡ್ಡ ಮೂಲಂಗಿಯೇನಲ್ಲ. ಇದಕ್ಕಾಗಿಯೇ ನಾವು ಅತ್ತೆಯ ಕಾಲದಿಂದ ಸಂಜೆಯಾದರೆ ಜಾಗಟೆ ಬಾರಿಸಿಕೊಂಡು, ನಲ್ಲಿಗೆ ಹೆದರಿಕೊಂಡು ಬದುಕಿದ್ದು. ಬೆಳ್ಳಗೂ ಇರಲಿಲ್ಲ, ಕಪ್ಪಗೂ ಇರಲಿಲ್ಲ, ಬಣ್ಣವೇ ಇರಲಿಲ್ಲ. ಹಿಡಿದರೆ ನನ್ನ ಕೈಯ ಗೆರೆಗಳು ಅದರೊಳಗಿಂದ ಕಂಡವು. ಅಲ್ಲಲ್ಲಿ ಸಣ್ಣಗೆ ಬಾಗಿತ್ತು, ಹಲವು ಮನೆಗಳ ತಿರುವುಗಳಲ್ಲಿ ಕೂತು ಎದ್ದುದರ ಗುರುತು ಇರಬೇಕು. ಅಂಗೈ ಚುರುಚುರು ಅನ್ನುತ್ತಿದ್ದರೂ ನನಗೆ ಕೆಳಗಿಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ನೋಡಬೇಕೆಂದಿದ್ದದ್ದನ್ನು ನೋಡಿ ನನಗೆ ತುಂಬ ಸಂತೋಷವಾಯಿತು. ಸ್ವಲ್ಪ ಪಾಪ ಅಂತಲೂ ಅನ್ನಿಸಿತು.

"ಕಾಶಕ್ಕ, ಅದನ್ನ ಮೊದಲ ಹೊರಗ ಒಯ್ಯಿ" ಎಂದು ಫಕೀರವ್ವ ಗದರಿದಳು. ಆಗಲೇ ಅವಳು ಹಂಡೆಯನ್ನು ಒಲೆಯ ಮೇಲೆ ಏರಿಸಿ ಉರಿ ಹಚ್ಚುತ್ತಿದ್ದಳು. ನಾನು ಅದನ್ನು ಅಂಗಳಕ್ಕೆ ತಂದೆ.

ಅಂಗಳದಲ್ಲಿ ಸುದ್ದಿ ಹಬ್ಬಿ ಜನ ಸೇರಿದ್ದರು. ಏನು ಮಾಡಬೇಕು ಎಂದು ಮಾತಾಯಿತು. ಒಡೆದು ಹಾಕೋಣ ಅಂದವನ ಬಾಯಿಯನ್ನು ಹಿರಿಯರು ಮುಚ್ಚಿಸಿದರು. ಇದೊಂದು ಒಂದು ಮನೆಯಲ್ಲಿ ಕೂರುವುದರಿಂದಲೇ ಉಳಿದ ಮನೆಗಳು ಬೆಚ್ಚಗಿವೆ, ಇದನ್ನು ಕಳೆದರೆ ಚಳಿ ಎಲ್ಲ ಮನೆಯ ಕೊಳವೆಗೂ ಬರುತ್ತದೆ, ಕೂಸಿರುವ ಮನೆಗೂ ಬರುತ್ತದೆ ಎಂಬುದು ಅವರ ವಾದ. ಅದು ನನಗೂ ಸರಿ ಕಂಡಿತು. ಅಡಿವೆಪ್ಪ ಅದನ್ನು ಸಂಜೆಯೊಳಗೆ ಟಾಕಿಯ ಕೊಳವೆಗೆ ತಾನೇ ವಾಪಸು ಇಳಿಸುತ್ತೇನೆ, ಆ ಸಂಜೆ ತನ್ನ ಮನೆಯಲ್ಲಿ ನಲ್ಲಿ ಮುಚ್ಚುತ್ತೇನೆ ಅಂದ. ಎಲ್ಲರೂ ಹೂಂ ಅಂದರು. ಆದರೆ ಅದಕ್ಕೆ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅದೂ ಎಲ್ಲರೂ ನೋಡಬೇಕು. ಕುತೂಹಲ ನನಗೊಬ್ಬಳಿಗೇ ಇರುವುದೆಂದು ಅಷ್ಟು ದಿನ ನಾನು ಅಂದುಕೊಂಡಿದ್ದೆನಲ್ಲ.

ನೂಕುನುಗ್ಗಲು ಆಗಬಾರದೆಂದು ಅಡಿವೆಪ್ಪ ಸರದಿಯಂತೆಯೇ ಕೂಗಿದ. ನಮ್ಮ ಮನೆಯ ನಂತರ ಬರುವ ದ್ಯಾಮವ್ವನ ಮನೆಯಿಂದ ಶುರು, ಕೊನೆಗೆ ಮತ್ತೆ ನಮ್ಮ ಮನೆ. ದ್ಯಾಮವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸಾವಕಾಶ ನೋಡಿ, "ನಮ್ಮ ಬಚ್ಚಲದ ತಿರುವು ಇಲ್ಲೇ ಐತಿ ನೋಡ್ರಿ" ಎಂದು ಹೆಮ್ಮೆಯಿಂದ ತೋರಿಸಿದಳು. ಹುಸೇನಸಾಬ ಅದನ್ನು ಬಳೆಯಂತೆ ಬೆಳಕಿಗೆ ಹಿಡಿದು ನೋಡಿದ, ಒಳಗೆ ಒಂದು ಬಿರುಕೂ ಇಲ್ಲ ಅಂದ. ಒಬ್ಬಳು ಮೂಸಿದಳು. ಒಬ್ಬಳು ಹಿಟ್ಟು ಉಬ್ಬದಂತೆ ಮಾಡಿದ್ದಕ್ಕೆ ಅದಕ್ಕೆ ನಾಲ್ಕು ಮಾತು ಬೈದು, ಕೊಡುವಾಗ ಸೆರಗಿನಿಂದ ಒರೆಸಿ ಕೊಟ್ಟಳು. ಹಲ್ಲಿಲ್ಲದ ಅಜ್ಜಿಯೊಬ್ಬಳು ನೆಕ್ಕಿ ನೋಡಿ, "ಸಪ್ಪಗೈತಿ" ಅಂದಳು. ಯಾರೂ ಯಾರಿಗೂ ಅವಸರ ಮಾಡಲಿಲ್ಲ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವ ಪೈಕಿ ನಾವಲ್ಲ. ಮೂಲಂಗಿಯಷ್ಟಿದ್ದದ್ದು ಬೆಂಡೆಕಾಯಿಯಷ್ಟಾದದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಇನ್ನೂ ಸರದಿ ಬಾರದವರಿಗೆ ಇಲ್ಲ ಅನ್ನುವುದು ಹೇಗೆ? ಮುಂದಕ್ಕೆ ಕೊಡುತ್ತಲೇ ಹೋದರು.

ಆ ಹೊತ್ತಿಗೆ ಒಳಗಿಂದ ನೀರು ಹೊಯ್ಯುವ ಸದ್ದು ಬಂತು. ಫಕೀರವ್ವ ಕಾಲು ಚಾಚಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹಾಕುತ್ತಿದ್ದಳು. ಬಚ್ಚಲಿನ ಹೊಗೆ, ಸೀಗೆಕಾಯಿಯ ವಾಸನೆ ಅಂಗಳದವರೆಗೆ ಬಂತು. ಅದರ ಹಿಂದೆಯೇ ಕೂಸು ಅತ್ತಿತು. ಬೆಕ್ಕಿನ ಮರಿಯ ಹಾಗಲ್ಲ, ಮನುಷ್ಯರ ಕೂಸಿನ ಹಾಗೆ, ಬೀದಿಯ ಕೊನೆಗೆ ಕೇಳುವಂತೆ. ಅಂಗಳದಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ. ಹಂಡೆಯ ನೀರಿನಲ್ಲಿ ಗಡ್ಡೆಯ ಒಂದಿಷ್ಟು ಭಾಗ ಕರಗಿ ಸೇರಿತ್ತು ಅನ್ನುವುದು ನನಗೆ ಹೊಳೆದದ್ದು ಆಮೇಲೆ.

ಕೊನೆಗೆ ಅಡಿವೆಪ್ಪ ನನ್ನ ಮನೆಯ ಹೆಸರು ಕೂಗಿದ. ಕೈಗೆ ಬಂದದ್ದು ಕಡಲೆ ಕಾಳಿನಷ್ಟು. ಪಾರವ್ವನೂ ಒಮ್ಮೆ ನೋಡಲಿ ಎಂದು ಒಳಗೆ ಓಡಿದೆ. ಹೊಸ್ತಿಲು ದಾಟಿ, ಕೋಣೆಗೆ ಹೋಗಿ, ಕೈ ಬಿಚ್ಚಿದಾಗ ಅಂಗೈ ಒದ್ದೆಯಾಗಿತ್ತು, ಅಷ್ಟೇ. "ಏನವ್ವಾ ಅದು?" ಅಂದಳು ಪಾರವ್ವ. ಏನೆಂದು ತೋರಿಸಲಿ?

ಹೊರಗೆ ಬಂದು ಬರಿಗೈ ತೋರಿಸಿದೆ. ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವುದಾದರೆ ಎಲ್ಲರನ್ನೂ ಬೈಯಬೇಕಿತ್ತು. ಅಡಿವೆಪ್ಪ ಕಿತ್ತುಹೋದ ನಲ್ಲಿಗೆ ಸೆಣಬಿನ ಎಳೆ ಸುತ್ತಿ, ಎಣ್ಣೆ ಹಚ್ಚಿ, ಮತ್ತೆ ಕೊಳವೆಗೆ ಬಿಗಿದು ಕೊಟ್ಟ. ಸಂಜೆ ಎಲ್ಲರೂ ಕಟ್ಟೆಗೆ ಬಂದೆವು. ಜಾಗಟೆ ಅವನ ಕೈಯಲ್ಲಿತ್ತು, ಯಾರ ಹೆಸರು ಕೂಗಬೇಕೋ ಗೊತ್ತಾಗದೆ ಹಾಗೇ ಕೆಳಗಿಟ್ಟ. ನಾವು ಮನೆಗೆ ಹೋಗಿ ನಲ್ಲಿಗಳನ್ನು ನೂಲಿನಷ್ಟು ಬಿಟ್ಟು, ದೇವರ ಮೇಲೆ ಭಾರ ಹಾಕಿ ಮಲಗಿದೆವು. ಬೆಳಿಗ್ಗೆ ಎಲ್ಲರ ಮನೆಯಲ್ಲೂ ನೀರು ಬಂತು. ಮರುದಿನವೂ ಬಂತು. ಹಿರಿಯರು ಹೇಳಿದಂತೆ ಏನೂ ಆಗಲಿಲ್ಲ. ಚಳಿ ಚಳಿಯಂತೆ ಇತ್ತು, ನೀರು ನೀರಿನಂತೆ.

ಆಮೇಲೆ ಊರು ಸುಮ್ಮನಾಯಿತು. ನಮ್ಮಲ್ಲಿ ಚಳಿಗಾಲದಲ್ಲಿ ಯಾರೂ ಕೆಲಸವಿಲ್ಲದೆ ಕದ ತೆರೆಯುವುದಿಲ್ಲ. ಬಾಣಂತಿಯ ಮನೆಗಂತೂ ಕಾರಣವಿಲ್ಲದೆ ಹೋಗುವುದಿಲ್ಲ, ಕೂಸಿಗೆ ದೃಷ್ಟಿಯಾದೀತು ಎಂದು. ಇದ್ದ ಒಂದು ಕಾರಣ ಅಂಗಳದಲ್ಲಿ ಕೈಯಿಂದ ಕೈಗೆ ಹೋಗಿ ಕರಗಿತ್ತು. ಕೊಡ ಹೊತ್ತವರು ಬೀದಿಯಲ್ಲಿ ಕಾಣಲಿಲ್ಲ. ಸಂಜೆ ಕಟ್ಟೆ ಬಿಕೋ ಅನ್ನುತ್ತಿತ್ತು. ನಮ್ಮ ಮನೆಯಲ್ಲಿ ನೀರಿಗೆ ಬರವಿರಲಿಲ್ಲ, ಉರಿಗೆ ಬರವಿರಲಿಲ್ಲ. ಕೂಸು ಮಾತ್ರ ಒಂದು ದಿನ ಚೆನ್ನಾಗಿ ಹಾಲು ಕುಡಿದರೆ ಎರಡು ದಿನ ಮುಖ ತಿರುಗಿಸುತ್ತಿತ್ತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕತ್ತಲ ಕೋಣೆಯಲ್ಲಿ ಕೂತು ಕೂತು ಪಾರವ್ವನಿಗೂ ಊಟ ಸೇರದಾಯಿತು. "ಯವ್ವಾ, ಮಂದಿ ದನೀನ ಕೇಳೂದಿಲ್ಲಲ್ಲ. ಊರಾಗ ಯಾರೂ ಇಲ್ಲೇನು?" ಎಂದು ಒಂದು ದಿನ ಕೇಳಿದಳು. ಕೇಳಿ, ಗೋಡೆಯ ಕಡೆ ಹೊರಳಿಕೊಂಡಳು. "ತಾಯಿ ಹಿಂಗ ಮಲಗಿದ್ರ ಹಾಲು ಬತ್ತತೈತಿ. ಹಾಲು ಬತ್ತಿದ್ರ ನಾ ಎಷ್ಟು ನೀರು ಹಾಕಿದ್ರೂ ಅಷ್ಟ" ಎಂದು ಫಕೀರವ್ವ ನನಗೆ ಮಾತ್ರ ಕೇಳುವಂತೆ ಹೇಳಿದಳು.

ಅಂದು ಸಂಜೆ ನಾನು ಅಡಿವೆಪ್ಪನ ಮನೆಗೇ ಹೋದೆ. ಅವನು ಬಾಗಿಲಲ್ಲಿ ಕೂತು ಕೀಲಿಗೆ ಎಣ್ಣೆ ಹಚ್ಚುತ್ತಿದ್ದ. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಮತ್ತೆ ಚಳಿಯ ವಿಷಯ ಬಾಯಿಗೆ ಬರಬಾರದೆಂದು.

"ಅಡಿವೆಪ್ಪಣ್ಣ, ನಮ್ಮ ನಲ್ಲ್ಯಾಗ ನೀರು ನಿಂತೈತಿ" ಅಂದೆ. "ನಾಳೆ ಕೂಸಿಗೆ ಜಳಕಕ್ಕ ನೀರಿಲ್ಲ. ಓಣ್ಯಾಗಿನವರು ತಂದು ಹಾಕಬೇಕು."

ಅವನು ಕೈ ನಿಲ್ಲಿಸಿದ. ಊರಿನ ಪ್ರತಿ ಕೊಳವೆಯ ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಿರುವ ಮನುಷ್ಯ. ನನ್ನ ಮುಖ ನೋಡಿದ, 'ಹೌದೇನು' ಎಂದೂ ಕೇಳಲಿಲ್ಲ. ಒಳಗೆ ಹೋಗಿ ಜಾಗಟೆ ತಂದ.

ಬೆಳಿಗ್ಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ, ದ್ಯಾಮವ್ವ ಕೊಡ ಹೊತ್ತು ಬಂದಳು. ಅವಳ ಹಿಂದೆ ಹುಸೇನಸಾಬನ ಹೆಂಡತಿ, ಅವಳ ಹಿಂದೆ ಇನ್ನೊಬ್ಬರು. ಎಲ್ಲರೂ ಬಚ್ಚಲಿಗೆ ಬಂದು ಹಂಡೆಗೆ ನೀರು ಸುರಿದು ಅಲ್ಲೇ ನಿಂತರು. ಬಾಗಿಲಿನಿಂದ ಇಣುಕಿ ಕೂಸನ್ನು ನೋಡಿ, ಮೂಗು ಯಾರದು, ಹಣೆ ಯಾರದು ಎಂದು ವಾದಕ್ಕೆ ಬಿದ್ದರು. ಪಾರವ್ವ ಎದ್ದು ಕೂತು, ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು, ಮೂಗು ತನ್ನ ಗಂಡನದು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದಳು. ಫಕೀರವ್ವ ಒಲೆಗೆ ಇನ್ನೆರಡು ಕೊರಡು ತುರುಕಿದಳು.

ಅಡಿವೆಪ್ಪ ಕೊನೆಗೆ ಬಂದ, ಒಂದು ಹೆಗಲಿಗೆ ಕೀಲಿ, ಇನ್ನೊಂದು ಹೆಗಲಿಗೆ ಕೊಡ. ಅವನು ಬಚ್ಚಲಿಗೆ ಕಾಲಿಡುವುದಕ್ಕೂ ಮಾತುಗಳೆಲ್ಲ ಒಮ್ಮೆಲೇ ನಿಲ್ಲುವುದಕ್ಕೂ ಸರಿಹೋಯಿತು. ಆ ನಿಶ್ಶಬ್ದದಲ್ಲಿ ನಮ್ಮ ನಲ್ಲಿಯಿಂದ ತೊಟ್ ಎಂದು ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ದ್ಯಾಮವ್ವ ಸೂರಿನ ಕಡೆ ನೋಡಿದಳು, ಹುಸೇನಸಾಬನ ಹೆಂಡತಿ ತನ್ನ ಬಳೆಗಳನ್ನು. ಅಡಿವೆಪ್ಪ ಕೊಡ ಕೆಳಗಿಳಿಸಿ, ಮುಂದೆ ಬಂದು, ನಲ್ಲಿಯನ್ನು ಹಿಡಿದು ತನ್ನ ಶಕ್ತಿಯಿದ್ದಷ್ಟೂ ಬಿಗಿಯಾಗಿ ತಿರುಗಿಸಿದ. ಹನಿ ನಿಂತಿತು. ಆಮೇಲೆ ಕೊಡ ಎತ್ತಿ ಹಂಡೆಗೆ ಸುರಿದ.